ಅದು ಯಾವ ಹೂಂ

ನನ್ನ ಮಾವನಿಗೆ, ಅಂದರೆ ಅವ್ವನ ಅಣ್ಣನಿಗೆ, ಮಾತಾಡುವಾಗ ಪಕ್ಕದಲ್ಲಿ ಒಬ್ಬರು ಹೂಂಗುಟ್ಟಲೇಬೇಕಿತ್ತು. ಸೋಮನಾಥಪುರದ ಹತ್ತಿರದ ಹಳ್ಳಿಯಲ್ಲಿ ಅವನ ಮನೆ. ಬೇಸಿಗೆ ರಜೆಯಲ್ಲಿ ನಾವು ನಂಜನಗೂಡಿನಿಂದ ಅಲ್ಲಿಗೆ ಹೋದರೆ, ಉಂಡಾದ ಮೇಲೆ ಜಗಲಿಯಲ್ಲಿ ಟವಲು ಹಾಸಿಕೊಂಡು ಮಲಗಿ, "ಬಾ ಕೂಸೇ, ಇಲ್ಲಿ ಕುಂತ್ಕೊ, ಊಂ ಅನ್ನು" ಎಂದು ನನ್ನನ್ನೇ ಕರೆಯುತ್ತಿದ್ದ. ಹೂಂ ನಿಂತರೆ ಅವನ ಮಾತೂ ನಿಲ್ಲುತ್ತಿತ್ತು. "ನಿದ್ದೆ ಬಂತಾ? ಊಂ ಅನ್ದೆ ಇದ್ರೆ ಗ್ವಾಡೆ ಕೂಡ ಮಾತಾಡ್ದಂಗಾಯ್ತದೆ ಕಣವ್ವ" ಎಂದು ಕೊರಗುತ್ತಿದ್ದ. ನಾಲೆಯ ನೀರು, ಎತ್ತಿನ ಸುಳಿ, ಪಕ್ಕದ ಮನೆಯ ಜಗಳ, ಹುಣಸೆಮರದ ದೆವ್ವ, ಎಲ್ಲಕ್ಕೂ ನನ್ನದು ಹೂಂ. ಅದರ ಅರ್ಥ ಇಷ್ಟೇ: ಕೇಳಿಸಿಕೊಳ್ಳುತ್ತಿದ್ದೇನೆ, ಎದ್ದು ಹೋಗಿಲ್ಲ. ದೆವ್ವ ಇದೆ ಎಂದು ನಾನು ಒಪ್ಪಿಕೊಂಡೆ ಎಂದಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಯನ್ನು ಒಂದು ವರ್ಷ ಪೂರ್ತಿ ಕೆಡಿಸಿತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ.

ಎಂಬತ್ತರ ದಶಕದ ಶುರು. ನಾನು ದಿನಾ ಚಾಮರಾಜನಗರದಿಂದ ಬರುವ ರೈಲನ್ನು ನಂಜನಗೂಡಿನಲ್ಲಿ ಹತ್ತಿ ಮೈಸೂರಿಗೆ ಹೋಗಿ ಎಂ.ಎಸ್ಸಿ. ಓದುತ್ತಿದ್ದೆ. ಸಸ್ಯಶಾಸ್ತ್ರ. ಸಂಜೆ ಜರ್ಮನ್ ಕ್ಲಾಸಿಗೂ ಸೇರಿದ್ದೆ, ಯಾಕೆಂದರೆ ವಾಪಸು ಹೋಗುವ ರೈಲಿನವರೆಗೆ ಹೆಣ್ಣುಮಗಳು ಮರ್ಯಾದೆಯಾಗಿ ಕೂರಲು ಒಂದು ಜಾಗ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಭಾಷೆಯ ಮೇಲಿನ ಪ್ರೀತಿಯೇನೂ ಅಲ್ಲ. ಅದೇ ವರ್ಷ ಪಶ್ಚಿಮ ಜರ್ಮನಿಯ ಒಂದು ವಿಶ್ವವಿದ್ಯಾಲಯದಿಂದ ಒಬ್ಬರು ಇಲ್ಲಿಗೆ ಬರುವುದು, ಇಲ್ಲಿಂದ ಒಬ್ಬರು ಅಲ್ಲಿಗೆ ಹೋಗುವುದು ಎಂದು ಏರ್ಪಾಡಾಯಿತು. ಆಯ್ಕೆಯಾಗಿದ್ದ ಹುಡುಗನಿಗೆ ಕಾಮಾಲೆ ಬಂತು. ಡಿಪಾರ್ಟ್‌ಮೆಂಟಿನಲ್ಲಿ ಜರ್ಮನ್ ಅಕ್ಷರ ಗೊತ್ತಿದ್ದ ಇನ್ನೊಂದು ಪ್ರಾಣಿ ನಾನೇ. ಹೋಗುವ ಬರುವ ಖರ್ಚೆಲ್ಲ ಅವರದೇ. ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪನಿಗೆ ಒಳಗೊಳಗೇ ಹೆಮ್ಮೆ, ಹೊರಗೆ ಭಯ. ಅವ್ವನಿಗೆ ಒಳಗೂ ಹೊರಗೂ ಭಯ. "ವಯಸ್ಸಿಗೆ ಬಂದ ಕೂಸು, ಒಬ್ಳೇ, ಕಾಣದ್ ದೇಸ. ಅಣ್ಣನ್ನ ಒಂದ್ಮಾತು ಕೇಳವ" ಎಂದಳು. ನಮ್ಮ ಮನೆಯಲ್ಲಿ ಯಾವ ವಿಷಯವೇ ಆಗಲಿ, ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಮಾವನ ಜಗಲಿಯ ಮೇಲೆಯೇ.

ಹೋದೆವು. ಮಾವ ಕೋಳಿ ಕುಯ್ಸಿದ್ದ. ಮುದ್ದೆ, ಸಾರು, ಅನ್ನ ಹೊಟ್ಟೆ ಬಿರಿಯ ಉಂಡು ಎಲ್ಲರಿಗೂ ತೂಕಡಿಕೆ. ಮಾವ ಮಲಗಿ ಶುರು ಮಾಡಿದ, ನಾನು ಕಂಬಕ್ಕೊರಗಿ ಕೂತೆ. ನಾಲೆಗೆ ನೀರು ತಡವಾಗಿ ಬಿಟ್ಟರು, ಹೂಂ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೆ ದೌಲತ್ತು ಜಾಸ್ತಿಯಾಗಿದೆ, ಹೂಂ. ಬಿಳಿಗೆರೆ ಕಡೆಯಿಂದ ತಂದ ಎತ್ತು ಮೇವು ಮುಟ್ಟದೆ ಹಟ ಹಿಡಿದಿದೆ, ಹೂಂ. ನನ್ನ ಕಣ್ಣು ಎಳೆಯುತ್ತಿತ್ತು. ದನಿ ಒಂದಿಷ್ಟೂ ಬದಲಾಗದೆ ಆ ಎತ್ತಿನ ಹಿಂದೆಯೇ ಇನ್ನೊಂದು ಮಾತು ಬಂತು. "ನೀನೂ ಓಗಿದ್ದು ಬಾ. ಒಂದ್ವರ್ಸ ಎಷ್ಟೊತ್ತು? ಅಷ್ಟ್ರಲ್ಲಿ ನಮ್ಮುಡುಗನ್ದೂ ಕೆಲ್ಸ ಪರ್ಮನೆಂಟ್ ಆಯ್ತದೆ. ಬಂದೇಟ್ಗೆ ಇಬ್ರಿಗೂ ಗಂಟಾಕ್ಬುಡಾವ."

"ಹೂಂ" ಎಂದೆ.

ಮಾವ ದಡಕ್ಕನೆ ಎದ್ದು ಕೂತ. "ಕೇಳಿಸ್ಕಂಡ್ರಾ? ಕೂಸು ಊಂ ಅಂದ್ಬುಡ್ತು ಕಣ್ರಪ್ಪೋ!"

ನನಗೆ ನಿದ್ದೆ ಹಾರಿಹೋಯಿತು. ಏನಕ್ಕೆ ಹೂಂ ಅಂದೆ ಎಂದು ಹಿಂದಕ್ಕೆ ಹೋಗಿ ಹುಡುಕುತ್ತಿರುವಾಗಲೇ ಅತ್ತೆ ಒಳಗಿಂದ ಓಡಿಬಂದು ಒಂದು ಬೆಲ್ಲದ ಉಂಡೆಯನ್ನು ನನ್ನ ಬಾಯಿಗೆ ತುರುಕಿದಳು. ಚೂರಲ್ಲ, ಉಂಡೆ. ಬಾಯಿ ಮುಚ್ಚಲೂ ಆಗದು, ತೆರೆದು ಮಾತಾಡಲೂ ಆಗದು. ನಾನು ಅದನ್ನು ಈ ದವಡೆಗೆ ಆ ದವಡೆಗೆ ತಳ್ಳುತ್ತಿರುವಾಗ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ, "ಸರಿ, ಇನ್ನು ಧೈರ್ಯವಾಗಿ ಕಳಿಸಬಹುದು" ಎಂದ. ಬೆಲ್ಲ ಕರಗುವ ಹೊತ್ತಿಗೆ ನನ್ನ ಮದುವೆ ಗೊತ್ತಾಗಿತ್ತು. ಆಮೇಲೆ ಬಾಯಿ ಬಿಟ್ಟಿದ್ದರೆ ಏನು ಹೇಳುತ್ತಿದ್ದೆನೋ, ದೇವರಾಣೆಗೂ ನನಗೆ ಗೊತ್ತಿಲ್ಲ.

ಮಾವನ ಮಗ ಆವತ್ತು ಮನೆಯಲ್ಲಿರಲಿಲ್ಲ. ಟಿ. ನರಸೀಪುರದಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಅವನ ಮೇಲೆ ನನ್ನದೊಂದು ದೂರೂ ಇರಲಿಲ್ಲ, ಅದೇ ತೊಂದರೆ. ಕುಡಿತವಿಲ್ಲ, ಜೂಜಿಲ್ಲ. ಮಾತು ಕಡಿಮೆ, ಆ ಮನೆಯಲ್ಲಿ ಮಾವ ಇರುವಾಗ ಇನ್ನೊಬ್ಬರಿಗೆ ಮಾತಾಡುವ ಸಂದಿಯಾದರೂ ಎಲ್ಲಿತ್ತು? ನನಗೆ ಸೈಕಲ್ ಕಲಿಸಿದವನು ಅವನೇ, ಬಿದ್ದಾಗ ನಕ್ಕವನೂ ಅವನೇ. ಗಂಡನಾಗುವವನು ಎಂದು ಅವನನ್ನು ಒಂದು ದಿನವೂ ನೋಡಿರಲಿಲ್ಲ. ಬೇಡದವನು ಎಂದೂ ನೋಡಿರಲಿಲ್ಲ. ನಾನು ಹೊರಡುವ ದಿನ ಮೈಸೂರು ಸ್ಟೇಷನ್ನಿಗೆ ಬಂದು ನನ್ನ ಟ್ರಂಕು ಹೊತ್ತು ಸೀಟಿನ ಕೆಳಗೆ ತಳ್ಳಿ, "ಚಳಿಯಂತೆ. ಕಿವಿ ಮುಚ್ಕೊ" ಎಂದ. ಅಷ್ಟೇ. ರೈಲು ಹೊರಟ ಮೇಲೆ ಇದು ಮಾವನ ಮಗ ಹೇಳಿದ್ದೋ ಮದುವೆಯಾಗುವ ಗಂಡು ಹೇಳಿದ್ದೋ ಎಂದು ಬೆಂಗಳೂರಿನವರೆಗೂ ಯೋಚಿಸಿದೆ. ತಲೆಬುಡ ತಿಳಿಯಲಿಲ್ಲ.

ಜರ್ಮನಿಯಲ್ಲಿ ಯಾವುದಕ್ಕೂ ತಲೆಬುಡ ತಿಳಿಯಲಿಲ್ಲ. ನನ್ನ ಕೋಣೆಯ ಕಿಟಕಿಗೆ ಒಂದು ಹಿಡಿ ಇತ್ತು. ಅಡ್ಡಕ್ಕೆ ತಿರುಗಿಸಿದರೆ ಕಿಟಕಿ ಬಾಗಿಲಿನ ಹಾಗೆ ತೆರೆಯುತ್ತಿತ್ತು. ಒಂದು ದಿನ ಇನ್ನೂ ಮೇಲಕ್ಕೆ ತಿರುಗಿಸಿಬಿಟ್ಟೆ. ಇಡೀ ಕಿಟಕಿ ಮೇಲಿನಿಂದ ಕಿತ್ತುಕೊಂಡು ನನ್ನ ಮೇಲೇ ವಾಲಿತು. ಅಯ್ಯಯ್ಯೋ, ಬಂದ ವಾರದಲ್ಲೇ ಮನೆ ಮುರಿದು ಹಾಕಿದೆನಲ್ಲ ಎಂದು ಎರಡೂ ಕೈಯಿಂದ ತಡೆದು ಹಿಡಿದು, "ಯಾರಾದ್ರೂ ಬನ್ರೀ" ಎಂದು ಕನ್ನಡದಲ್ಲೇ ಕೂಗಿದೆ. ಮನೆಯೊಡತಿ ಬಂದು ನನ್ನ ಕೈಗಳನ್ನು ಒಂದೊಂದಾಗಿ ಬಿಡಿಸಿದಳು. ಕಿಟಕಿ ವಾಲಿದಷ್ಟಕ್ಕೇ ನಿಂತುಕೊಂಡಿತ್ತು. ಗಾಳಿ ಆಡಲಿ ಎಂದು ಅದನ್ನು ಮಾಡಿರುವುದೇ ಹಾಗಂತೆ.

ಅಂಗಡಿಯಲ್ಲಿ ಅಕ್ಕಿಯನ್ನು ತೂತು ತೂತಿನ ಪುಟ್ಟ ಚೀಲಗಳಲ್ಲಿ ತುಂಬಿ ಮಾರುತ್ತಿದ್ದರು, ಚೀಲ ಸಮೇತ ಕುದಿಯುವ ನೀರಿಗೆ ಹಾಕಬೇಕಂತೆ. ನಾನು ಚೀಲ ಕತ್ತರಿಸಿ, ಅಕ್ಕಿ ತೊಳೆದು, ಅನ್ನ ಮಾಡಿದರೆ ಮನೆಯೊಡತಿ ತಲೆ ಚಚ್ಚಿಕೊಂಡಳು. ವಿಶ್ವವಿದ್ಯಾಲಯದಲ್ಲಿ ಇನ್ನೊಂದು. ನಮ್ಮ ಕಡೆಯ ಹೊಳೆದಂಡೆಯ ಹುಲ್ಲುಗಳ ಬಗ್ಗೆ ನಾನೊಂದು ಪ್ರಬಂಧ ಓದಬೇಕಿತ್ತು. ವಾರಗಟ್ಟಲೆ ಬಾಯಿಪಾಠ ಮಾಡಿ, ಕಾಗದದಿಂದ ತಲೆಯೆತ್ತದೆ ಓದಿ ಮುಗಿಸಿದೆ. ಮುಗಿಸಿದ್ದೇ ತಡ, ಕೂತಿದ್ದವರೆಲ್ಲ ಬೆರಳ ಗೆಣ್ಣಿನಿಂದ ಮೇಜು ಕುಟ್ಟತೊಡಗಿದರು. ಟಕ ಟಕ ಟಕ. ನಮ್ಮಲ್ಲಿ ಬೆಂಚು ಕುಟ್ಟುವುದು ಮೇಷ್ಟ್ರನ್ನು ಓಡಿಸಲಿಕ್ಕೆ. ಪ್ರೊಫೆಸರೂ ಕುಟ್ಟುತ್ತಿದ್ದುದನ್ನು ಕಂಡು ನನ್ನ ಎದೆ ಒಡೆಯಿತು. ಕಾಗದಗಳನ್ನು ಬಾಚಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ಜೊತೆಯ ಹುಡುಗಿಯೊಬ್ಬಳು ಹುಡುಕಿಕೊಂಡು ಬಂದು, ಅದು ಚಪ್ಪಾಳೆ, ಇಲ್ಲಿ ಹಾಗೆಯೇ ಹೊಡೆಯುವುದು ಎಂದಳು. ಥೂ, ನಿಮ್ಮ ಚಪ್ಪಾಳೆಗಿಷ್ಟು ಬೆಂಕಿ ಹಾಕ! ಕೈಯಿದೆಯಲ್ಲ, ತಟ್ಟಲಿಕ್ಕೇನು ರೋಗ?

ಮನೆಯೊಡತಿ ಐವತ್ತು ದಾಟಿದ ವಿಧವೆ. ಬೇಕರಿಯೊಂದರಲ್ಲಿ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ನಿಂತು ಬ್ರೆಡ್ ಮಾರಿ ಬರುತ್ತಿದ್ದಳು. ಬಂದವಳು ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತು ಮಾತಿಗೆ ಶುರು ಮಾಡುತ್ತಿದ್ದಳು. ನಾನು ಕಲಿತ ಜರ್ಮನ್ ಪುಸ್ತಕದ್ದು, ಆಕೆಯದು ಆ ಊರಿನ ಬಾಯಿಯದು. ಪುಸ್ತಕ ಓದಿ ಕನ್ನಡ ಕಲಿತ ಪರದೇಶಿಯೊಬ್ಬ ನಮ್ಮ ಮಾವನ ಜಗಲಿಯಲ್ಲಿ ಬಂದು ಕೂತರೆ ಏನಾಗುತ್ತದೋ ಅದೇ ನನ್ನ ಗತಿ. ನಾಲ್ಕು ಮಾತಿಗೆ ಒಂದು ತಿಳಿಯುತ್ತಿತ್ತು. ಆದರೆ ದೊಡ್ಡವರು ಮಾತಾಡುವಾಗ ಗೂಬೆಯ ಹಾಗೆ ನೋಡುತ್ತ ಕೂರಬಾರದು ಎಂದು ನನಗೆ ಚಿಕ್ಕಂದಿನಿಂದ ಕಲಿಸಿದ್ದರಲ್ಲ. ಹೂಂಗುಟ್ಟಿದೆ. ಆಕೆಗೆ ಬಹಳ ಖುಷಿಯಾಯಿತು. ಮಾತು ಇನ್ನೂ ಉದ್ದವಾಯಿತು. ನನ್ನದೂ ಹೂಂ, ಹೂಂ, ಹೂಂ. ಜೊತೆಗೆ ನಮ್ಮ ಕಡೆಯವರಿಗೆ ಇರುವ ತಲೆ ಓಲಾಟ. ಆಕೆ ಒಮ್ಮೊಮ್ಮೆ ನನ್ನ ತಲೆಯನ್ನು, ಒಮ್ಮೊಮ್ಮೆ ಬಾಯಿಯನ್ನು ನೋಡುತ್ತಿದ್ದಳು. ತಲೆ ಬೇಡ ಅನ್ನುತ್ತಿದೆ, ಬಾಯಿ ಹೌದು ಅನ್ನುತ್ತಿದೆ, ಯಾವುದನ್ನು ನಂಬುವುದು ಎಂದು ಪಾಪ ಆಕೆಗೆ ಗೊಂದಲವಾಗುತ್ತಿತ್ತು ಅಂತ ನನಗೆ ಆಮೇಲೆ ತಿಳಿಯಿತು. ಆಕೆ ಬಾಯಿಯನ್ನೇ ನಂಬಿದ್ದಳು.

ಚಳಿ ಬಂತು. ನಾನು ಶನಿವಾರ ಎಣ್ಣೆ ಹಚ್ಚಿ ನೀರು ಹಾಕಿಕೊಂಡರೆ ಸೋಮವಾರದವರೆಗೂ ಜಡೆ ಒಣಗುತ್ತಿರಲಿಲ್ಲ. ಮೂಗು ಸೋರುತ್ತಲೇ ಇತ್ತು. ಬಚ್ಚಲಿನ ತೂತು ಎಣ್ಣೆಗೂದಲಿನಿಂದ ಕಟ್ಟಿಕೊಳ್ಳುತ್ತಿತ್ತು. ಒಂದು ಭಾನುವಾರ ಮನೆಯೊಡತಿ ಬಹಳ ಹೊತ್ತು ಮಾತಾಡಿದಳು. ತಂಗಿಯ ವಿಷಯ, ಬಚ್ಚಲಿನ ವಿಷಯ, ಶೀತದ ವಿಷಯ. ನಾನು ಹೂಂಗುಟ್ಟಿದೆ. ಆಕೆ ಎದ್ದು ನನ್ನ ಕೆನ್ನೆ ತಟ್ಟಿ ಹೋದಳು. ಯಾವುದೋ ಒಳ್ಳೆಯ ಮಾತು ಮುಗಿಯಿತು ಎಂದುಕೊಂಡೆ.

ಮುಂದಿನ ಶನಿವಾರ ಆಕೆಯ ತಂಗಿ ಚರ್ಮದ ಚೀಲ ಹಿಡಿದು ಬಂದಳು. ನನ್ನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದರು. ಕತ್ತಿಗೆ ಬಿಳಿ ಟವಲು ಸುತ್ತಿದರು. ಶೀತಕ್ಕೆ ಏನೋ ಹಬೆ ಕೊಡುತ್ತಾರೆ, ಎಷ್ಟು ಒಳ್ಳೆಯ ಜನ ಎಂದು ನಾನು ಕಣ್ಣು ಮುಚ್ಚಿ ಕೂತೆ. ಹಿಂದಿನಿಂದ ಜಡೆ ಎತ್ತಿದಂತಾಯಿತು. ಕಚಕ್ ಎಂದಿತು.

ನಮ್ಮೂರಿನಲ್ಲಿ ಕೂದಲು ತೆಗೆಸುವುದೆಂದರೆ ಹರಕೆ. ಹೊಳೆಯ ದಂಡೆಯಲ್ಲಿ ಕೂತು ದೇವರಿಗೆ ಮುಡಿ ಕೊಡುವವರನ್ನು ನಾನು ಹುಟ್ಟಿದಾಗಿನಿಂದ ನೋಡಿದವಳು. ಮದುವೆ ಗೊತ್ತಾದ ಹುಡುಗಿಯ ಜಡೆಗೆ ಯಾರೂ ಕತ್ತರಿ ತರುವುದಿಲ್ಲ. ನಾನು ಕುರ್ಚಿಯಿಂದ ನೆಗೆದು, "ಬ್ಯಾಡಾ! ಬ್ಯಾಡಾ! ಬ್ಯಾಡಾ ಅಂದ್ರೆ!" ಎಂದು ಅರಚಿದೆ. ಅಷ್ಟು ದೊಡ್ಡ ದನಿ ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಗೇಣುದ್ದದ ಜಡೆಯ ತುದಿ ರಬ್ಬರ್ ಬ್ಯಾಂಡಿನ ಸಮೇತ ನೆಲದ ಮೇಲೆ ಬಿದ್ದಿತ್ತು. ಅಕ್ಕತಂಗಿಯರಿಬ್ಬರೂ ಗೋಡೆಗೆ ಅಂಟಿಕೊಂಡು ನಿಂತಿದ್ದರು.

"ಬ್ಯಾಡಾ ಅಂದರೆ ಏನು?" ಎಂದು ಮನೆಯೊಡತಿ ಮೆಲ್ಲಗೆ ಕೇಳಿದಳು.

"ನೈನ್" ಎಂದೆ. ಜರ್ಮನ್ನರ ಇಲ್ಲ, ಬೇಡ, ಎರಡಕ್ಕೂ ಅದೇ.

"ಮತ್ತೆ ಭಾನುವಾರ ಯಾಕೆ ಹೂಂ ಅಂದೆ? ತಂಗಿಯನ್ನು ಕರೆಸಿ ಕತ್ತರಿಸಲೇ ಅಂತ ನಾನು ಕೇಳಿದೆ, ನೀನು ಹೂಂ ಅಂದೆ."

"ಅದು ಕೇಳಿಸಿಕೊಳ್ಳುವ ಹೂಂ" ಎಂದೆ. ಅದನ್ನು ಜರ್ಮನ್‌ನಲ್ಲಿ ಹೇಳಲು ಎಷ್ಟು ತಿಣುಕಿದೆನೋ ನನಗೇ ಗೊತ್ತು.

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ಹಾಗಾದರೆ ನನ್ನ ಗಂಡ ಸತ್ತದ್ದರಿಂದ ನನಗೆ ನೆಮ್ಮದಿಯೇ ಆಯಿತು ಅಂದಾಗ ಹೂಂ ಅಂದೆಯಲ್ಲ, ಅದು?"

"ಕೇಳಿಸಿಕೊಳ್ಳುತ್ತಿದ್ದೆ."

"ಅಮ್ಮನ ಮನೆಯ ವಿಷಯದಲ್ಲಿ ತಪ್ಪೆಲ್ಲ ನನ್ನ ತಂಗಿಯದೇ ಅಂದಾಗ ಹೂಂ ಅಂದೆಯಲ್ಲ, ಅದು?"

ಕತ್ತರಿ ಹಿಡಿದಿದ್ದ ತಂಗಿ ಅಕ್ಕನ ಕಡೆ ತಿರುಗಿದಳು. ಮುಂದಿನದನ್ನು ನಾನು ವಿವರಿಸುವುದಿಲ್ಲ. ಇಬ್ಬರೂ ಆ ಊರಿನ ಬಾಯಿಯಲ್ಲಿ ಜಗಳಕ್ಕೆ ನಿಂತರು, ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಹೂಂ ಅನ್ನುವ ಧೈರ್ಯವಂತೂ ಮೊದಲೇ ಇರಲಿಲ್ಲ. ಜಡೆಯ ತುದಿಯನ್ನು ಎತ್ತಿಕೊಂಡು, ಕೋಟು ಹಾಕಿಕೊಂಡು ಹೊರಗೆ ಹೋದೆ.

ನದಿಯ ದಂಡೆಯಲ್ಲಿ ನಡೆಯುತ್ತಿರುವಾಗ ಅದು ನನ್ನ ತಲೆಗೆ ಹೊಡೆಯಿತು. ಅಡುಗೆಮನೆಯ ಹೂಂ ಒಪ್ಪಿಗೆಯಲ್ಲ ಎಂದು ಅಷ್ಟು ಜೋರಾಗಿ ವಾದ ಮಾಡಿದೆನಲ್ಲ, ಜಗಲಿಯ ಮೇಲಿನ ಹೂಂ? ಎತ್ತಿನ ಹಿಂದೆ ಬಂದ ಆ ಹೂಂ ಯಾವುದು? ಕೇಳಿಸಿಕೊಂಡದ್ದೋ, ಒಪ್ಪಿದ್ದೋ? ನಾನು ಮದುವೆಗೆ ಒಪ್ಪಿದ್ದೇನೋ ಇಲ್ಲವೋ ಎಂಬುದು ನನಗೇ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತು? ಸಿಟ್ಟು ಬಂತು. ಮಾವನ ಮೇಲೋ, ಬೆಲ್ಲ ತಂದ ಅತ್ತೆಯ ಮೇಲೋ, ನಿದ್ದೆಗಣ್ಣಿನ ನನ್ನ ಮೇಲೋ ತಿಳಿಯದೆ ಸುಮ್ಮನೆ ನಡೆದೆ. ಕಿವಿ ಮರಗಟ್ಟಿ ಹೋಗಿತ್ತು.

ಮನೆಯೊಡತಿಯ ಸಿಟ್ಟು ಬೇಗ ಇಳಿಯಿತು. ಆದರೆ ಅಂದಿನಿಂದ ನನಗೆ ಹೂಂ ಅನ್ನುವುದು ನಿಷೇಧ. ಕಾಫಿ ಬೇಕೇ? ಹೂಂ ಎಂದರೆ ಲೋಟ ಹಿಂದಕ್ಕೆ ಹೋಗುತ್ತಿತ್ತು. "ಯಾ? ನೈನ್?" ಎಂದು ಸ್ಕೂಲ್ ಮೇಡಂ ಹಾಗೆ ನಿಲ್ಲುತ್ತಿದ್ದಳು. ಯಾ ಎಂದರೆ ಹೌದು. ಒಂದನ್ನು ಆರಿಸಿಕೋ, ಬಾಯಿಬಿಟ್ಟು ಹೇಳು. ಸೂಪು ಬೇಕೋ ಬೇಡವೋ, ಕಿಟಕಿ ತೆರೆಯಲೋ ಬೇಡವೋ, ಇವತ್ತು ಬೇಸರವೋ ಅಲ್ಲವೋ. ನನಗೆ ಬೇಕೋ ಬೇಡವೋ ಎಂದು ಹುಟ್ಟಿದಾಗಿನಿಂದ ಯಾರೂ ಅಷ್ಟು ಸಲ ಕೇಳಿರಲಿಲ್ಲ. ಮೊದಮೊದಲು ಪ್ರಾಣ ಹಿಂಡಿದಂತಾಗುತ್ತಿತ್ತು. ಆಮೇಲೆ, ಹೇಳಲು ನಾಚಿಕೆಯೇನು, ರುಚಿ ಹತ್ತಿತು. ಬೇಡದ ಸೂಪನ್ನು ಬೇಡ ಎಂದು ಹೇಳಿ ಬಿಸಿಬಿಸಿ ಬ್ರೆಡ್ ತಿನ್ನುವುದರಲ್ಲಿ ಒಂದು ಸುಖವಿದೆ.

ಒಂದು ದಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಆಕೆ ಕೇಳಿದಳು, "ಊರಿನಲ್ಲಿ ಒಬ್ಬ ಹುಡುಗ ಗೊತ್ತಾಗಿದ್ದಾನೆ ಅಂದೆಯಲ್ಲ, ಅವನು ಬೇಕೋ ಬೇಡವೋ?"

"ಅವನು ಒಳ್ಳೆಯವನು."

"ನಾನು ಕೇಳಿದ್ದು ಅದಲ್ಲ."

"ನಮ್ಮ ಮಾವನ ಮಗ. ಸಂಬಂಧದವನು."

"ಅದನ್ನೂ ಕೇಳಲಿಲ್ಲ."

ಸೂಪಿಗೆ ಹೇಳಿದಷ್ಟು ಸುಲಭವಾಗಿ ಇದಕ್ಕೆ ಬಾಯಿ ಬರಲಿಲ್ಲ. ಯಾ ಎಂದು ಮನಸ್ಸಿನಲ್ಲಿ ಹೇಳಿ ನೋಡಿದೆ, ಸುಳ್ಳು ಅನ್ನಿಸಿತು. ನೈನ್ ಎಂದು ಹೇಳಿ ನೋಡಿದೆ, ಅದೂ ಸುಳ್ಳು ಅನ್ನಿಸಿತು. ಆದರೆ ನನಗೆ ಹೇಳಿಕೊಟ್ಟಿದ್ದ ಪಾಠದಲ್ಲಿ ಮೂರನೆಯ ಉತ್ತರವೇ ಇರಲಿಲ್ಲ. ಕೇಳದೆ ಕಟ್ಟಿದ ಮದುವೆ, ಹಾಗಾದರೆ ಬೇಡವೆಂದೇ ಲೆಕ್ಕ ಎಂದುಕೊಂಡೆ. ಊರಿಗೆ ಹೋದ ಕೂಡಲೇ ಹೇಳಿಬಿಡುವುದು. ಅಪ್ಪನಿಗೆ ಹೇಳಿದರೆ ಮಾವನಿಗೆ ಹೋಗುತ್ತದೆ, ಮಾವನಿಗೆ ಹೇಳಿದರೆ ಅವನು ಮಾತಿನಲ್ಲಿ ಮುಳುಗಿಸಿಬಿಡುತ್ತಾನೆ. ಆದ್ದರಿಂದ ಹುಡುಗನಿಗೇ ಹೇಳಬೇಕು. ಉಳಿದ ತಿಂಗಳುಗಳಲ್ಲಿ ಕೋಣೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. "ನನಗೆ ಈ ಮದುವೆ ಬೇಡ." ಎಷ್ಟು ಸಲ ಹೇಳಿದರೂ ಆ ವಾಕ್ಯ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಸಿಟ್ಟಿನಿಂದ ಹೇಳಿದರೆ ಅವನ ಮೇಲೆ ಸಿಟ್ಟೇ ಇರಲಿಲ್ಲ. ಸಮಾಧಾನದಿಂದ ಹೇಳಿದರೆ ಹೇಳುವುದೇಕೆ ಅನ್ನಿಸುತ್ತಿತ್ತು.

ಹೊರಡುವ ದಿನ ಮನೆಯೊಡತಿ ಸ್ಟೇಷನ್ನಿಗೆ ಬಂದಳು. ನಂಜನಗೂಡಿಗೆ ಒಂದು ಸಲ ಬನ್ನಿ, ನಮ್ಮ ಮನೆಯಲ್ಲೇ ಇರಿ ಎಂದೆ. "ಹೂಂ" ಎಂದಳು. "ಅದು ಯಾವ ಹೂಂ?" ಎಂದು ಕೇಳಿದೆ. ನಕ್ಕಳು, ನಗುತ್ತಲೇ ಅತ್ತಳು. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದರೆ ಅವ್ವ ಮೊದಲು ಮುಟ್ಟಿ ನೋಡಿದ್ದೇ ಜಡೆ. "ಕೂದ್ಲೆಲ್ಲ ಏನಾಯ್ತು? ನೀರು ಒಗ್ಗನಿಲ್ವಾ?" ಎಂದಳು. ಒಗ್ಗಲಿಲ್ಲ ಎಂದೆ. ಮಾವನ ಮನೆಯಲ್ಲಿ ಸುಣ್ಣ ಹೊಡೆಸಿದ್ದಾರೆ, ಹುಡುಗನ ಕೆಲಸ ಪರ್ಮನೆಂಟ್ ಆಗಿದೆ, ಸೀರೆ ತರಲು ನಾನೊಬ್ಬಳು ಬರುವುದೇ ಬಾಕಿಯಂತೆ. ನಾನು ಎಲ್ಲಕ್ಕೂ ಸುಮ್ಮನಿದ್ದೆ. ಈಗ ಹೂಂ ಅನ್ನಲೂ ಭಯ, ಅನ್ನದಿರಲೂ ಭಯ. "ಒಂದ್ವರ್ಸಕ್ಕೇ ಎಷ್ಟು ಬಿಂಕ ಬಂದದೆ ನೋಡು, ಊಂ ಅನ್ನಾಕೂ ಆಗಾಕಿಲ್ಲ ಇವ್ಳ್ಗೆ" ಎಂದು ಅವ್ವ ಮುನಿಸಿಕೊಂಡಳು.

ಮಾವನನ್ನು ನೋಡಿ ಬರುತ್ತೇನೆ ಎಂದು ಒಬ್ಬಳೇ ಬಸ್ಸು ಹತ್ತಿದೆ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮಾವನ ಮಗನೇ ಸೈಕಲ್ ಹಿಡಿದು ನಿಂತಿದ್ದ. ಹಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. "ನಿನ್ನ ಹತ್ರ ಮಾತಾಡ್ಬೇಕು" ಎಂದೆ. ಏನೆಂದು ಕೇಳದೆ ಸೈಕಲ್ ತಳ್ಳಿಕೊಂಡು ಬಂದ. ಹೊಳೆಯ ಮೆಟ್ಟಿಲಿನ ಮೇಲೆ ಕೂತೆವು. ನಮ್ಮೂರಿನಿಂದ ಹರಿದುಬಂದ ಕಪಿಲೆ ಕಾವೇರಿಗೆ ಸೇರುವ ಜಾಗ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕನ್ನಡಿಯ ಮುಂದೆ ನಿಲ್ಲಿಸಿದ್ದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಲು ಹೋಗಿ, ಮೊದಲೇ ಜಗಲಿಯ ಕತೆ ಬಾಯಿಗೆ ಬಂದುಬಿಟ್ಟಿತು. "ಆವತ್ತು ನಾನು ಹೂಂ ಅಂದದ್ದು ಒಪ್ಪಿಕೊಂಡಲ್ಲ. ಮಾವ ಮಾತಾಡ್ತಿದ್ದ, ಕೇಳಿಸ್ಕೊತಾ ಇದ್ದೆ. ಅಷ್ಟೇ."

ಅವನು ನನ್ನ ಮುಖ ನೋಡಿದ. ಆಮೇಲೆ ನಗಲು ಶುರು ಮಾಡಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅವನಿಗೆ.

"ನನ್ನನ್ನಾದ್ರೂ ಕೇಳಿದ್ರು ಅಂದ್ಕಂಡ್ಯಾ?" ಎಂದ. "ನಾಲೆ ಏರಿ ಮೇಲೆ ಬತ್ತಾ ಇದ್ದೋ. ಅಪ್ಪ ಮುಂದೆ, ನಾನು ಹಿಂದೆ. ಅಪ್ಪ ಏನೋ ಮಾತಾಡ್ತಾ ಇದ್ದ, ನಾನು ಊಂ ಊಂ ಅಂತಿದ್ದೆ. ಮನೆಗೆ ಬಂದ್ರೆ ಅವ್ವ ಬಾಯಿಗೆ ಬೆಲ್ಲ ಇಟ್ಳು. ಯಾಕೆ ಅಂತ್ಲೇ ಗೊತ್ತಾಗ್ನಿಲ್ಲ. ನೀನು ಆಗ್ಲೇ ಒಪ್ಪಿದ್ದೀಯ ಅಂದ್ರು. ಇನ್ನೇನ್ ಹೇಳದು ಅಂತ ಸುಮ್ಕಾದೆ."

ನನಗೂ ನಗು ಬಂತು. ಇಬ್ಬರೂ ನಕ್ಕೆವು, ಬಟ್ಟೆ ಒಗೆಯುವವರು ತಿರುಗಿ ನೋಡುವಷ್ಟು. ಎದೆಯ ಮೇಲಿನ ಕಲ್ಲು ಇಳಿದುಹೋಯಿತು. ಇಳಿದ ಮರುಗಳಿಗೆಯೇ, ಯಾಕೋ ಏನೋ, ಮೈಯೆಲ್ಲ ಉರಿಯಿತು.

"ಅಂದ್ರೆ ನಿಂಗೆ ನಾನು ಇಷ್ಟ ಇರ್ಲಿಲ್ವಾ?" ಎಂದೆ.

ಅವನ ನಗು ನಿಂತಿತು. "ನಾನೆಲ್ಲಿ ಅಂಗಂದೆ? ನೀನೇ ತಾನೆ ಈಗ ಒಪ್ಪಿಲ್ಲ ಅಂದವ್ಳು?" ಎಂದ. ಸೈಕಲ್ಲಿನ ಬೆಲ್ಲನ್ನು ಉಗುರಿನಿಂದ ಕೆರೆದ. ಆಮೇಲೆ ಮುಖ ಎತ್ತಿ ಕೇಳಿದ, "ನಿಂಗೆ ನಾನು ಇಷ್ಟನಾ?"

ನನ್ನ ಭಾಷೆಯಲ್ಲಿ, ನನ್ನ ಜನದಲ್ಲಿ, ಈ ಪ್ರಶ್ನೆಯನ್ನು ನನಗೆ ಕೇಳಿದ ಮೊದಲನೆಯವನು ಅವನು. ಒಂದು ವರ್ಷ ಯಾ ನೈನ್ ಎಂದು ಪಾಠ ಮಾಡಿಸಿಕೊಂಡು ಬಂದವಳು ನಾನು. ಎರಡೂ ನಾಲಿಗೆಯ ತುದಿಗೆ ಬಂದವು, ಒಂದೂ ಹೊರಗೆ ಬೀಳಲಿಲ್ಲ.

"ಗೊತ್ತಿಲ್ಲ" ಎಂದೆ.

ಅವನು ತಲೆದೂಗಿದ. "ಸರಿ ಬುಡು. ಅಪ್ಪನ್ಗೆ ನಾನೇ ಹೇಳ್ತೀನಿ. ನಿನ್ ಮೇಲೆ ಮಾತು ಬರ್ದಂಗೆ ನೋಡ್ಕತೀನಿ" ಎಂದು ಎದ್ದು ಸೈಕಲ್ ಸ್ಟ್ಯಾಂಡು ಒದ್ದ. ಎಷ್ಟು ಮೆತ್ತಗೆ ಹೇಳಿದನೆಂದರೆ ಅದರಲ್ಲಿ ಸಮಾಧಾನ ಇತ್ತೋ ಸಂಕಟ ಇತ್ತೋ ನನಗೆ ತಿಳಿಯಲಿಲ್ಲ. ನಾನು ಹಳ್ಳಿಗೆ ಹೋಗಲಿಲ್ಲ. ನಂಜನಗೂಡಿನ ಬಸ್ಸಿನಲ್ಲೇ ವಾಪಸು ಹೊರಟೆ. ದಾರಿಯುದ್ದಕ್ಕೂ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಪಕ್ಕದಲ್ಲಿ ಕೂತಿದ್ದ ಮುದುಕಿ, "ಯಾರವ್ವಾ ಓದೋರು?" ಎಂದು ಕೇಳಿದಳು. ಯಾರೂ ಸತ್ತಿಲ್ಲ ಅಜ್ಜಿ ಎಂದರೆ ನಂಬಲಿಲ್ಲ.

ಅವನು ಮಾತಿಗೆ ತಪ್ಪಲಿಲ್ಲ. ತನಗೇ ಬೇಡ ಎಂದು ಮನೆಯಲ್ಲಿ ಹೇಳಿದ. ಮಾವ ಕೂಗಾಡಿದ, ಅತ್ತೆ ಊಟ ಬಿಟ್ಟಳು. ನಂಜನಗೂಡಿನ ನಮ್ಮ ಬೀದಿಯಲ್ಲಿ, "ಪಾಪ, ಫಾರಿನ್ನಿಗೆ ಹೋಗಿ ಬಂದವಳನ್ನು ಗುಮಾಸ್ತ ಬೇಡ ಅಂದ್ಬಿಟ್ಟ" ಎಂದು ನನ್ನನ್ನು ಕಂಡು ಮರುಗಿದರು. ಆ ಮರುಕಕ್ಕೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಬೇಡ ಎನ್ನಲು ಹೋದವಳು ನಾನು ಎಂದು ಬೀದಿಯಲ್ಲಿ ನಿಂತು ಕೂಗಬೇಕು ಅನ್ನಿಸುತ್ತಿತ್ತು. ಕೂಗಿದರೆ ಅದು ನಿಜವೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ?

ಮರುವರ್ಷ ಬನ್ನೂರು ಕಡೆಯ ಹೆಣ್ಣಿನೊಂದಿಗೆ ಅವನ ಮದುವೆಯಾಯಿತು. ನಾನೂ ಹೋದೆ, ಹೋಗದಿದ್ದರೆ ಇನ್ನೊಂದು ಮಾತಾಗುತ್ತಿತ್ತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಹೆಂಗಸರು ನಕ್ಕು ನಕ್ಕು ಸಾಯುತ್ತಿದ್ದರು. ಹೆಣ್ಣು ನೋಡಲು ಹೋದಾಗ ಹುಡುಗ ಎಲ್ಲರೆದುರಿಗೇ, "ನಿಂಗೆ ನಾನು ಇಷ್ಟನಾ?" ಎಂದು ಕೇಳಿದನಂತೆ. ಹುಡುಗಿ ನಾಚಿ ನೆಲ ನೋಡಿದಳಂತೆ. ಮತ್ತೆ ಕೇಳಿದನಂತೆ. ಅವಳು "ಗೊತ್ತಿಲ್ಲ" ಅಂದಳಂತೆ. "ಎಂಥ ನಾಚ್ಕೆಗೆಟ್ಟೋನು ಅಂತೀಯಾ, ಆಗ್ಲೂ ಬುಡ್ದೆ ಮತ್ತೆ ಕೇಳ್ದ ಕಣಮ್ಮಿ, ಅವ್ಳು ಇಷ್ಟ ಅನ್ನೋಗಂಟ ಎದ್ದೇಳ್ನಿಲ್ಲ!"

ನಾನೂ ನಕ್ಕೆ. ಎಲೆಯಲ್ಲಿ ಹೋಳಿಗೆ ಹಾಗೆಯೇ ಇತ್ತು. ಕೈ ತೊಳೆಯುವ ನೆವದಲ್ಲಿ ಎದ್ದು ಹಿತ್ತಲಿಗೆ ಹೋದೆ. ಹೊಳೆಯ ಮೆಟ್ಟಿಲಿನ ಮೇಲೆ ನಾನೂ ಗೊತ್ತಿಲ್ಲ ಎಂದೇ ಹೇಳಿದ್ದೆ. ಸರಿ ಬುಡು ಎಂದು ಎದ್ದುಬಿಟ್ಟ. ಇನ್ನೊಂದು ಸಲ ಕೇಳಬಾರದಾಗಿತ್ತೇ ಅವನು?